ಗಂಡುಮಕ್ಕಳ ಮನೆಯಲ್ಲಿ ಕಿರಿಯ ಕೂಸು

ಮೈಸೂರಿನಿಂದ ನಂಜನಗೂಡಿಗೆ ಸುಮಾರು ೧೪ ಮೈಲಿ. ಹಿಂದೆ ಇಂಥ ದಾರಿಗಳಲ್ಲಿ ನಡೆದು ಹೋಗುತ್ತಿದ್ದವರು ಬದಿಯ ಕಲ್ಲುಗಳನ್ನು ಎಣಿಸಿ, ಊರು ಎಷ್ಟು ಸಮೀಪಿಸಿತೆಂಬುದನ್ನು ತಿಳಿಯುತ್ತಿದ್ದರು. ಕಲ್ಲು ನೆಟ್ಟಲ್ಲಿಂದ ಕದಲದು. ಗಾಡಿಯಲ್ಲಿ ಬಂದವನಿಗೂ ಕಾಲ್ನಡೆಯವನಿಗೂ ಅದು ಒಂದೇ ಲೆಕ್ಕವನ್ನು ಹೇಳುತ್ತದೆ. ಮಗು ಕುಳಿತುದನ್ನು, ನಿಂತುದನ್ನು, ನಡೆದುದನ್ನು, ನುಡಿದುದನ್ನು ನಾವು ಬೆಳವಣಿಗೆಯ ಮೈಲಿಗಲ್ಲುಗಳೆಂದು ಕರೆಯುತ್ತೇವೆ. ಹೋಲಿಕೆ ಅಂದವಾಗಿದೆ. ಆದರೆ ಅದನ್ನು ಅಕ್ಷರಶಃ ನಂಬಿದವರು ಎರಡು ಬಗೆಯಾಗಿ ಮೋಸಹೋಗುತ್ತಾರೆ: ಚಿಂತಿಸಬೇಕಾಗಿಲ್ಲದ ಕಡೆ ಚಿಂತಿಸುತ್ತಾರೆ, ಚಿಂತಿಸಬೇಕಾದ ಕಡೆ ಸುಮ್ಮನಿರುತ್ತಾರೆ. ಗಂಡುಮಕ್ಕಳೇ ತುಂಬಿರುವ ಮನೆಯಲ್ಲಿ ಈ ಎರಡು ತಪ್ಪುಗಳೂ ಒಟ್ಟೊಟ್ಟಿಗೆ ನಡೆಯುವುದುಂಟು. ಇಂದು ನಾವು ಕೇಳುಗರ ಮುಂದಿಡಬೇಕೆಂದಿರುವ ವಿಷಯ ಅದೇ.

ಆ ನಂಜನಗೂಡಿನ ಸೀಮೆಯಲ್ಲಿಯೇ ತಾಂಡ್ಯವಿದೆ. ಕೈಗಾರಿಕಾ ಪ್ರದೇಶದಿಂದಾಗಿ ಆ ಹೆಸರು ಈಗ ಪಟ್ಟಣದವರಿಗೂ ಪರಿಚಿತವಾಗಿದೆ. ಅಲ್ಲಿಯ ಒಂದು ಮನೆಯನ್ನು ನಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ತಂದೆ ಕಾರ್ಖಾನೆಯ ಪಾಳಿಗೆ ಹೋಗುವವನು. ಮನೆಯಲ್ಲಿ ತಾಯಿ, ಅಜ್ಜಿ, ಮೂವರು ಗಂಡುಮಕ್ಕಳು. ಹಿರಿಯನಿಗೆ ಎಂಟು ವರ್ಷ, ನಡುವಿನವನಿಗೆ ಐದು, ಕಿರಿಯನಿಗೆ ಒಂದೂವರೆ. ಬೆಳಗಿನಿಂದ ಬೈಗಿನವರೆಗೆ ಚೆಂಡು, ಗೋಲಿ, ಕೂಗು, ಜಗಳ, ನಗು. ಹಿರಿಯನು ಹತ್ತು ತಿಂಗಳಿಗೇ ನಡೆದನಂತೆ. ನಡುವಿನವನು ವರ್ಷಕ್ಕೆ ಸರಿಯಾಗಿ. ಕಿರಿಯನು ಹದಿನೈದು ತಿಂಗಳಾದ ಮೇಲೆ ಹೆಜ್ಜೆಯಿಟ್ಟನು. ಅಲ್ಲಿಯವರೆಗೆ ಆ ತಾಯಿಗೆ ನಿದ್ದೆಯಿಲ್ಲ. ಈಗ ಅವನು ಅಣ್ಣಂದಿರ ಹಿಂದೆ ಓಡುತ್ತಾನೆ. ಆದರೆ ಒಂದು ಮಾತನ್ನೂ ಆಡುವುದಿಲ್ಲ. ತಾಯಿ ಆ ಮಾತೆತ್ತಿದರೆ ಅಜ್ಜಿ ಸಮಾಧಾನ ಹೇಳುತ್ತಾಳೆ: “ಗಂಡುಕೂಸು ಕಣವ್ವ, ಮಾತು ನಿಧಾನ. ಇವರಪ್ಪನೂ ಮೂರು ವರ್ಷ ತುಂಬೋಗಂಟ ಬಾಯ್ ಬುಡ್ನಿಲ್ಲ.” ಈ ಮನೆ ನಮ್ಮ ಕಲ್ಪನೆಯದು, ಆದರೆ ಈ ಸಂಭಾಷಣೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ಮೊದಲು ನಡಿಗೆಯ ವಿಷಯವನ್ನು ನೋಡೋಣ. ಶಿಶುಗಳ ಬೆಳವಣಿಗೆಯನ್ನು ತಿಂಗಳು ತಿಂಗಳಿಗೂ ಗುರುತುಹಾಕಿ ಪಟ್ಟಿ ಮಾಡುವ ಕೆಲಸವನ್ನು ವಿಸ್ತಾರವಾಗಿ ಕೈಕೊಂಡವರಲ್ಲಿ ಅಮೆರಿಕದ ಅರ್ನಾಲ್ಡ್ ಗೆಸೆಲ್ ಮುಖ್ಯರು. ಅವರ ಹೆಸರಾಂತ ಗ್ರಂಥ ೧೯೨೫ರಲ್ಲಿ ಹೊರಬಂದಿತು. ಆ ಪಟ್ಟಿಗಳು ಅಲ್ಲಿಯ ಮಕ್ಕಳನ್ನು ನೋಡಿ ಮಾಡಿದವು. ನಮ್ಮ ದೇಶದ ಶಿಶುಗಳನ್ನೇ ಪರೀಕ್ಷಿಸಿ ಪ್ರಮಾಣಗಳನ್ನು ನಿರ್ಣಯಿಸಿದವರು ಬರೋಡದ ಪ್ರಮೀಳಾ ಫಾಟಕ್. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ ಎಂಬ ಐದು ದೇಶಗಳಲ್ಲಿ ೮೧೬ ಮಕ್ಕಳ ಚಲನವಲನವನ್ನು ತಿಂಗಳುಗಟ್ಟಲೆ ಗಮನಿಸಿ, ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಭಾರತದ ಮಕ್ಕಳು ದೆಹಲಿಯವರು. ಚೆನ್ನಾಗಿ ಉಂಡು ಆರೋಗ್ಯವಾಗಿದ್ದ ಮಕ್ಕಳನ್ನೇ ಅವರು ಆರಿಸಿಕೊಂಡಿದ್ದರು.

ಆ ಫಲಿತಾಂಶವನ್ನು ನೋಡಿದರೆ ನಮ್ಮ ಮೈಲಿಗಲ್ಲಿನ ಹೋಲಿಕೆ ಎಲ್ಲಿ ತಪ್ಪುತ್ತದೆಂಬುದು ತಿಳಿಯುತ್ತದೆ. ಆಧಾರವಿಲ್ಲದೆ ಕುಳಿತುಕೊಳ್ಳುವುದು ೩.೮ ತಿಂಗಳಿನಿಂದ ೯.೨ ತಿಂಗಳೊಳಗೆ ಯಾವಾಗ ಬೇಕಾದರೂ ಬರಬಹುದು. ಅಂಬೆಗಾಲಿಡುವುದು ೫.೨ರಿಂದ ೧೩.೫ರೊಳಗೆ. ತಾನಾಗಿ ನಿಲ್ಲುವುದು ೬.೯ರಿಂದ ೧೬.೯ರೊಳಗೆ. ತಾನಾಗಿ ನಡೆಯುವುದು ೮.೨ರಿಂದ ೧೭.೬ರೊಳಗೆ. ಮೊದಲು ನಡೆಯುವ ಆರೋಗ್ಯವಂತ ಮಗುವಿಗೂ ಕೊನೆಗೆ ನಡೆಯುವ ಆರೋಗ್ಯವಂತ ಮಗುವಿಗೂ ಒಂಬತ್ತು ತಿಂಗಳಿಗಿಂತ ಹೆಚ್ಚಿನ ಅಂತರ! ಅಂದರೆ ಇದು ಒಂದು ಜಾಗದಲ್ಲಿ ನೆಟ್ಟ ಕಲ್ಲಲ್ಲ; ದಾರಿಯ ಒಂದು ಉದ್ದನೆಯ ತುಂಡು. ಆ ತುಂಡಿನೊಳಗೆ ಎಲ್ಲಿ ಕಾಲಿಟ್ಟರೂ ಮಗು ದಾರಿಯಲ್ಲಿಯೇ ಇದೆ. ಹತ್ತು ತಿಂಗಳಿಗೆ ನಡೆದ ಅಣ್ಣನೂ ಹದಿನೈದು ತಿಂಗಳಿಗೆ ನಡೆದ ತಮ್ಮನೂ ಸಮಾನರೇ. ಇನ್ನೊಂದು ವಿಚಾರ: ಹುಡುಗರು ಮೊದಲೆಂದಾಗಲಿ ಹುಡುಗಿಯರು ಮೊದಲೆಂದಾಗಲಿ ನಡಿಗೆಯಲ್ಲಿ ಹೇಳಿಕೊಳ್ಳುವಂಥ ಭೇದವೇ ಆ ಪರೀಕ್ಷೆಯಲ್ಲಿ ಕಾಣಲಿಲ್ಲ. ಅಲ್ಲದೆ ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲನ್ನೇ ಇಡದೆ, ಕುಳಿತಲ್ಲಿಯೇ ಸರಿದೋ ಹೊಟ್ಟೆಯ ಮೇಲೆ ತೆವಳಿಯೋ ಮುಂದೆ ನೇರವಾಗಿ ನಡಿಗೆಗೆ ಬಂದರು. ಆದುದರಿಂದ “ಅಂಬೆಗಾಲಿಡಲಿಲ್ಲ” ಎಂಬುದೊಂದೇ ಕಾರಣಕ್ಕೆ ಯಾರೂ ಕಂಗೆಡಬೇಕಾಗಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಲೆಕ್ಕವನ್ನು ಹುಟ್ಟಿದ ದಿನದಿಂದ ಹಿಡಿಯದೆ, ಹುಟ್ಟಬೇಕಾಗಿದ್ದ ದಿನದಿಂದ ಹಿಡಿಯಬೇಕೆಂಬುದನ್ನೂ ನೆನಪಿಡಬೇಕು.

ಮಗು ನಡೆಯಲು ಕಲಿಯುವುದೆಂದರೆ ಬೀಳಲು ಕಲಿಯುವುದೂ ಹೌದು. ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ ಮತ್ತು ಅವರ ಸಂಗಡಿಗರು ಒಂದು ವರ್ಷದಿಂದ ಹತ್ತೊಂಬತ್ತು ತಿಂಗಳೊಳಗಿನ ಮಕ್ಕಳು ತಮ್ಮಷ್ಟಕ್ಕೆ ಆಡುತ್ತಿರುವಾಗ ಹೆಜ್ಜೆಗಳನ್ನು ಎಣಿಸಿದರು. ೨೦೧೨ರಲ್ಲಿ ಅವರು ತಿಳಿಸಿದ ಲೆಕ್ಕ: ಸರಾಸರಿಯಲ್ಲಿ ಗಂಟೆಗೆ ೨೩೬೮ ಹೆಜ್ಜೆ, ೧೭ ಬೀಳು! ದೊಡ್ಡವರಾದ ನಾವು ಗಂಟೆಗೆ ಹದಿನೇಳು ಸಾರಿ ಬಿದ್ದರೆ ಹಾಸಿಗೆ ಬಿಟ್ಟೇಳುತ್ತಿದ್ದೆವೆ? ಮಗು ಏಳುತ್ತದೆ, ಮತ್ತೆ ಹೊರಡುತ್ತದೆ. ನೆಲ, ಗೋಡೆ, ಹಿಡಿದುಕೊಳ್ಳಲು ಒಂದು ಮಣೆಯಂಚು, ಓಡಿ ಮುಟ್ಟುವುದಕ್ಕೆ ಒಬ್ಬ ಅಣ್ಣ — ಇಷ್ಟಿದ್ದರೆ ಸಾಕು. ಚನ್ನಪಟ್ಟಣದವರು ಮಾಡುವ ಮೂರು ಗಾಲಿಯ ಮರದ ಗಾಡಿಯನ್ನು ಮಗು ನಿಂತು ತಳ್ಳುತ್ತದೆ, ಅದರಿಂದ ತೊಂದರೆಯಿಲ್ಲ. ಮಗುವನ್ನು ಒಳಗೆ ಕೂರಿಸಿ ಬಿಡುವ, ಸುತ್ತಲೂ ಚಕ್ರವಿರುವ ಬಂಡಿ ಮಾತ್ರ ಬೇರೆ ಜಾತಿಯದು. ಅದು ನಡಿಗೆಯನ್ನು ಬೇಗ ತರುವುದಿಲ್ಲ. ಮೆಟ್ಟಿಲಿನಿಂದ ಉರುಳಿದ ಅಪಾಯಗಳು ಹೆಚ್ಚಿದುದರಿಂದ ಕೆನಡಾ ದೇಶದವರು ೨೦೦೪ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದರು.

ನಡೆಯುವ ಮಗು ಬಂತೆಂದರೆ ಮನೆಯ ನೆಲದ ಮೇಲಿನ ಕಾನೂನು ಬದಲಾಗಬೇಕು. ಅಣ್ಣಂದಿರ ಗೋಲಿ, ಕಡಲೆಕಾಯಿಬೀಜ, ಬಿಡಿ ನಾಣ್ಯ ತಮ್ಮನ ಗಂಟಲಿಗೆ ಸಿಕ್ಕಬಹುದು. ಆಟದ ಸಾಮಾನಿನಲ್ಲಿರುವ ಗುಂಡಿಯಂಥ ಬ್ಯಾಟರಿಯನ್ನು ನುಂಗಿದರಂತೂ ಅದು ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ. ತಡಮಾಡದೆ ಆಸ್ಪತ್ರೆಗೆ ಓಡಬೇಕು. ಸಂಪಿಗೆ ಮುಚ್ಚಳವಿರಬೇಕು, ಬಕೆಟ್ಟಿನಲ್ಲಿ ನೀರು ನಿಲ್ಲಬಾರದು. ನಾಲೆಯ ಕಡೆಗಾಗಲಿ ಕೆರೆಯ ಕಡೆಗಾಗಲಿ ಅಣ್ಣಂದಿರ ಸುಪರ್ದಿನಲ್ಲಿ ಕಿರಿಯನನ್ನು ಕಳುಹಿಸಕೂಡದು. ಎಂಟು ವರ್ಷದವನು ಅಣ್ಣನೇ ಹೊರತು ಕಾವಲುಗಾರನಲ್ಲ.

ಇನ್ನು ಮಾತಿನ ವಿಷಯ. ನಮ್ಮ ಕಲ್ಪನೆಯ ಮನೆಯಲ್ಲಿ ನಿಜವಾಗಿ ಆಲೋಚಿಸಬೇಕಾದುದು ಇಲ್ಲಿಯೇ.

ಗಂಡುಮಕ್ಕಳಿಗೆ ಮಾತು ನಿಧಾನವೆಂಬ ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಐರೋಪ್ಯ ಭಾಷೆಗಳಾಡುವ ಹತ್ತು ಸಮುದಾಯಗಳ ಮಕ್ಕಳನ್ನು ಹೋಲಿಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಡುಗಿಯರು ಪದಸಂಗ್ರಹದಲ್ಲಿಯೂ ಪದಗಳನ್ನು ಕೂಡಿಸುವುದರಲ್ಲಿಯೂ ಸ್ವಲ್ಪ ಮುಂದಿದ್ದುದು ಕಂಡುಬಂದಿತು. ಸ್ವಲ್ಪವೆಂಬುದನ್ನು ಒತ್ತಿ ಹೇಳಬೇಕು. ಒಬ್ಬ ಹುಡುಗನಿಗೂ ಇನ್ನೊಬ್ಬ ಹುಡುಗನಿಗೂ ಇರುವ ವ್ಯತ್ಯಾಸವೇ ಅದಕ್ಕಿಂತ ಎಷ್ಟೋ ದೊಡ್ಡದು. ಅಣ್ಣಂದಿರ ವಿಷಯದಲ್ಲಿಯೂ ಒಂದು ಸ್ವಾರಸ್ಯವಾದ ಸಂಗತಿಯಿದೆ. ಫ್ರಾನ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಎರಡು, ಮೂರು, ಐದೂವರೆ ವರ್ಷಗಳಲ್ಲಿ ಪರೀಕ್ಷಿಸಿದವರು ೨೦೧೯ರಲ್ಲಿ ಹೇಳಿದುದೇನೆಂದರೆ, ಅಕ್ಕ ಇರುವ ಮಕ್ಕಳಿಗಿಂತ ಅಣ್ಣ ಇರುವ ಮಕ್ಕಳು ಭಾಷೆಯಲ್ಲಿ ಸರಾಸರಿ ಎರಡು ತಿಂಗಳಷ್ಟು ಹಿಂದೆ. ಅಕ್ಕ ಚಿಕ್ಕದರೊಡನೆ ಹೆಚ್ಚು ಮಾತಾಡುತ್ತಾಳೆಯೋ, ಅಥವಾ ಅಣ್ಣನು ತಾಯಿಯ ಗಮನವನ್ನು ತನ್ನ ಕಡೆಗೆ ಹೆಚ್ಚಾಗಿ ಸೆಳೆದುಕೊಳ್ಳುತ್ತಾನೆಯೋ, ಎರಡೂ ಊಹೆಗಳೇ. ಎರಡರಲ್ಲಿ ಯಾವುದು ನಿಜವಾದರೂ ತಾಯಿತಂದೆಗಳಿಗೆ ಪಾಠ ಒಂದೇ: ಮನೆಯಲ್ಲಿ ಮಾತು ತುಂಬಿರುವುದು ಬೇರೆ, ಕಿರಿಯ ಕೂಸಿನೊಡನೆ ಮಾತಾಡುವುದು ಬೇರೆ. ಗದ್ದಲದಲ್ಲಿ ಮಗು ಮಾತನ್ನು ಕೇಳುತ್ತದೆ. ಆದರೆ ತನ್ನ ಮುಖ ನೋಡಿ ಆಡಿದ ಮಾತಿನಿಂದಲೇ ಅದು ಹೆಚ್ಚಾಗಿ ಕಲಿಯುತ್ತದೆ.

ಹಾಗಾದರೆ ಎಷ್ಟು ನಿಧಾನವನ್ನು ಸಹಿಸಬಹುದು? ಒಂಬತ್ತು ಹತ್ತು ತಿಂಗಳಿಗೆ ಮಗು “ಬಬ್ಬಬ್ಬ”, “ದದ್ದದ್ದ” ಎಂದು ಅಕ್ಷರಗಳನ್ನು ಪೋಣಿಸಬೇಕು. ವರ್ಷ ತುಂಬುವ ವೇಳೆಗೆ ತನ್ನ ಹೆಸರಿಗೆ ತಿರುಗಬೇಕು. ಅಲ್ಲಿಂದ ಒಂದೆರಡು ತಿಂಗಳಲ್ಲಿ ಚಂದಮಾಮನನ್ನೋ ಕಾಗೆಯನ್ನೋ ಬೆರಳು ಮಾಡಿ ತೋರಿಸಿ, ನೀವೂ ನೋಡಿದಿರೋ ಇಲ್ಲವೋ ಎಂದು ನಿಮ್ಮ ಮುಖವನ್ನು ನೋಡಬೇಕು. ಈ ಬೆರಳು ಮಾಡುವುದನ್ನು ಅಲ್ಪವೆಂದು ಭಾವಿಸಬಾರದು. ಅದು ನಾಲಗೆ ಹೊರಳುವ ಮೊದಲೇ ಕೈ ಆಡುವ ಮಾತು. ಒಂದೂವರೆ ವರ್ಷಕ್ಕೆ ಅಮ್ಮ, ಅಪ್ಪ ಎಂಬುವನ್ನು ಬಿಟ್ಟು ಮೂರು ಪದಗಳಾದರೂ ಇರಬೇಕು. ಎರಡು ವರ್ಷಕ್ಕೆ “ಅಣ್ಣ ಬಾ”, “ಹಾಲು ಬೇಕು” ಎಂದು ಎರಡು ಪದಗಳು ಕೂಡಬೇಕು. ಕನ್ನಡದಲ್ಲಿ “ಬಿತ್ತು”, “ಬಂದ”, “ಬೇಡ” ಎಂಬ ಒಂದೇ ಪದವೂ ಒಂದು ವಾಕ್ಯದ ಕೆಲಸವನ್ನು ಮಾಡುತ್ತದೆಂಬುದನ್ನು ಎಣಿಸುವವರು ಮರೆಯಬಾರದು. ಉಚ್ಚಾರಣೆಯ ತಪ್ಪುಗಳನ್ನು ಈ ವಯಸ್ಸಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. “ರೊಟ್ಟಿ” “ಲೊಟ್ಟಿ”ಯಾದರೆ ನಕ್ಕು, ಸರಿಯಾದ ಪದವನ್ನು ನಾವೊಮ್ಮೆ ಆಡಿದರೆ ಸಾಕು.

ಇಷ್ಟು ಬಾರದಿದ್ದಾಗ ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ “ಏಕೆ ಮಾತಾಡುವುದಿಲ್ಲ?” ಎಂಬುದಲ್ಲ, “ಕಿವಿ ಕೇಳಿಸುತ್ತದೆಯೆ?” ಎಂಬುದು. ಸಾವಿರ ಶಿಶುಗಳಲ್ಲಿ ಒಂದರಿಂದ ಮೂರರವರೆಗೆ ಹುಟ್ಟಿನಿಂದಲೇ ಶಾಶ್ವತವಾದ ಶ್ರವಣದೋಷವಿರುತ್ತದೆಂದು ತಜ್ಞರ ಅಂದಾಜು. ಒಬ್ಬನೇ ಮಗನಿರುವ ನಿಶ್ಶಬ್ದವಾದ ಮನೆಯಲ್ಲಿ ಇದು ಬೇಗ ಗೊತ್ತಾದೀತು. ಗಂಡುಮಕ್ಕಳ ಗದ್ದಲದ ಮನೆಯಲ್ಲಿ ಹಾಗಲ್ಲ. ಅಣ್ಣಂದಿರು ಎದ್ದು ಓಡಿದರೆ ಕಿರಿಯನೂ ಎದ್ದು ಓಡುತ್ತಾನೆ. ಅವರು ಬಾಗಿಲ ಕಡೆ ತಿರುಗಿದರೆ ಅವನೂ ತಿರುಗುತ್ತಾನೆ. ತಟ್ಟೆಯಿಟ್ಟುದನ್ನು ಕಂಡು ಊಟಕ್ಕೆ ಬರುತ್ತಾನೆ. ನೋಡುವವರು “ಎಲ್ಲ ತಿಳಿಯುತ್ತದೆ, ತುಂಟತನಕ್ಕೆ ಮಾತಾಡುವುದಿಲ್ಲ” ಎನ್ನುತ್ತಾರೆ. ಅವನು ಕಿವಿಯಿಂದಲ್ಲ, ಕಣ್ಣಿನಿಂದ ಕೇಳುತ್ತಿದ್ದಾನೆಂಬುದು ಯಾರಿಗೂ ಹೊಳೆಯುವುದಿಲ್ಲ. ಕಿವುಡು ಮಗುವೂ ಮೊದಮೊದಲು ದನಿ ಮಾಡುತ್ತದೆ, ನಗುತ್ತದೆ, ಅಳುತ್ತದೆ. ಹೀಗೆ ವರ್ಷಗಳು ಕಳೆದುಹೋಗುತ್ತವೆ. ಮಿದುಳು ಭಾಷೆಯನ್ನು ಅತಿ ಸುಲಭವಾಗಿ ಹಿಡಿಯುವ ಕಾಲವೂ ಅವುಗಳೊಡನೆ ಕಳೆಯುತ್ತದೆ. ಹಾಗೆ ಕಳೆದುದನ್ನು ಆಮೇಲೆ ಪೂರ್ತಿಯಾಗಿ ತುಂಬಿಕೊಡುವುದು ಬಹಳ ಕಷ್ಟ.

ಅಣ್ಣಂದಿರು ಶಾಲೆಗೆ ಹೋದ ಹೊತ್ತಿನಲ್ಲಿ, ಮಗು ಆಟದಲ್ಲಿ ಮಗ್ನವಾಗಿರುವಾಗ, ಹಿಂದಿನಿಂದ, ನೆರಳೂ ಕಾಣದಂತೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದು ನೋಡಬಹುದು. ತಟ್ಟೆ ಬಡಿಯುವುದು, ಬಾಗಿಲು ತಳ್ಳುವುದು ಸರಿಯಾದ ಪರೀಕ್ಷೆಯಲ್ಲ. ನೆಲದ ಅದುರಿಗೂ ಮಗು ತಿರುಗೀತು. ತಿರುಗಿತೆಂದು ನಿಶ್ಚಿಂತೆಯೂ ಕೂಡದು. ಕೆಲವು ಸ್ವರಗಳು ಕೇಳಿಸಿ ಕೆಲವು ಕೇಳಿಸದಿರುವುದುಂಟು. ನೆಗಡಿ ಮೇಲಿಂದ ಮೇಲೆ ಬಂದು ಕಿವಿಯ ನಡುಭಾಗದಲ್ಲಿ ನೀರು ನಿಂತರೂ ಶ್ರವಣ ಮಂಕಾಗುತ್ತದೆ. ನಿಶ್ಚಯಕ್ಕೆ ಯಂತ್ರವೇ ಬೇಕು.

ಆ ಯಂತ್ರಕ್ಕಾಗಿ ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲವೆಂಬುದು ನಮ್ಮ ಭಾಗ್ಯ. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಅಂಥ ಕಡೆ ನಡೆಸುವ ಪರೀಕ್ಷೆಯ ತತ್ತ್ವ ಬಹಳ ಸುಂದರವಾದುದು. ಆರೋಗ್ಯವಾದ ಒಳಗಿವಿ ಶಬ್ದವನ್ನು ಸ್ವೀಕರಿಸುವುದಷ್ಟೇ ಅಲ್ಲ, ಅತಿ ಸೂಕ್ಷ್ಮವಾದ ಮರುದನಿಯನ್ನು ಹೊರಕ್ಕೂ ಕಳುಹಿಸುತ್ತದೆ. ಇದನ್ನು ೧೯೭೮ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ತೋರಿಸಿಕೊಟ್ಟರು. ಶಿಶುವಿನ ಕಿವಿಯಲ್ಲಿ ಮೆದುವಾದ ಒಂದು ಚಿಕ್ಕ ತುದಿಯನ್ನಿಟ್ಟು ಶಬ್ದವನ್ನು ಬಿಟ್ಟು, ಆ ಮರುದನಿ ಬಂದಿತೇ ಎಂದು ಯಂತ್ರವು ಕೇಳುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ, ಶಬ್ದ ಮಿದುಳಿನ ಕಾಂಡವನ್ನು ತಲುಪಿತೇ ಎಂಬುದನ್ನು ತಲೆಯ ಮೇಲಿಟ್ಟ ತಂತಿಗಳಿಂದ ತಿಳಿಯುತ್ತಾರೆ. ಮಗು ನಿದ್ದೆಯಲ್ಲಿದ್ದರೆ ಎರಡಕ್ಕೂ ಒಳ್ಳೆಯದೇ, ನೋವೇನೂ ಇಲ್ಲ. ತಜ್ಞರ ಸೂತ್ರ ಚಿಕ್ಕದು: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ಆ ಕಾಲ ಮೀರಿದ್ದರೆ ನಾಳೆಯೇ ಹೋಗಬೇಕೆಂದು ಅರ್ಥವೇ ಹೊರತು, ಹೋಗಿ ಫಲವಿಲ್ಲವೆಂದಲ್ಲ.

ಕಿವಿ ಸರಿಯಾಗಿದ್ದೂ ಮಗು ಹೆಸರಿಗೆ ತಿರುಗದೆ, ಬೆರಳು ಮಾಡದೆ, ಮುಖವನ್ನು ಅರಸದೆ ಇದ್ದರೆ ಅದು ಆಟಿಸಂ ಎಂಬ ಸ್ಥಿತಿಯ ಸೂಚನೆಯಾಗಿರಬಹುದು. ಹಾಗೆ ಗುರುತಿಸಲ್ಪಡುವವರಲ್ಲಿ ಒಬ್ಬ ಹುಡುಗಿಗೆ ಮೂರು ನಾಲ್ಕು ಹುಡುಗರಿರುತ್ತಾರೆ. “ಹುಡುಗರೇ ಹಾಗೆ” ಎಂಬ ಸಮಾಧಾನ ಹುಡುಗರಿಗೇ ಹೆಚ್ಚು ಕೇಡು ಮಾಡುವುದು ಹೀಗೆ.

ಹುಡುಗರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು, ಹೆದರಿಸುವುದಕ್ಕಲ್ಲ, ಎಚ್ಚರಕ್ಕಾಗಿ ಹೇಳಬೇಕು. ಡುಷೆನ್ ಸ್ನಾಯುಕ್ಷಯವೆಂಬ ವಿರಳವಾದ ರೋಗ ಬಹುಮಟ್ಟಿಗೆ ಗಂಡುಮಕ್ಕಳಿಗೇ ಬರುತ್ತದೆ. ಅದರ ಮೂಲವಾದ ದೋಷ ತಾಯಿಯಲ್ಲಿ ಅಡಗಿದ್ದರೆ, ಹುಟ್ಟುವ ಪ್ರತಿಯೊಬ್ಬ ಗಂಡುಮಗುವಿಗೂ ಎರಡರಲ್ಲಿ ಒಂದು ಪಾಲು ಸಂಭವವಿದೆ; ಆದುದರಿಂದ ಗಂಡುಮಕ್ಕಳೇ ಇರುವ ಮನೆಗೆ ಅದು ಮುಖ್ಯ. ತಡವಾಗಿ ನಡೆಯುವುದು, ಮೀನಖಂಡ ದಪ್ಪವಾಗಿ ಕಾಣುವುದು, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ತನ್ನ ಮೈಯನ್ನೇ ಹತ್ತುವಂತೆ ಏಳುವುದು ಇದರ ಲಕ್ಷಣಗಳು. ಹದಿನೆಂಟು ತಿಂಗಳು ತುಂಬಿಯೂ ನಡೆಯದ ಹುಡುಗನಿಗೆ ವೈದ್ಯರು ಒಂದು ರಕ್ತಪರೀಕ್ಷೆ ಮಾಡಿಸುವುದು ಈ ಕಾರಣದಿಂದಲೇ. ಬಹುಪಾಲು ಹುಡುಗರಲ್ಲಿ ಏನೂ ಇರುವುದಿಲ್ಲ. ಆದರೆ ಇದ್ದರೆ ಬೇಗ ತಿಳಿಯುವುದು ತಮ್ಮನಿಗೂ ಮುಂದೆ ಹುಟ್ಟುವವರಿಗೂ ಉಪಕಾರ.

ತಡವನ್ನು ಗುರುತಿಸುವುದು ತಾಯಿಯೊಬ್ಬಳ ಹೊರೆಯಾಗಬಾರದೆಂಬ ವಿಚಾರಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಚರಿತ್ರೆಯಿದೆ. ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ನಂಜನಗೂಡಿನ ನೆರೆಯ ತಾಲ್ಲೂಕು. ೧೯೭೫ನೆಯ ಇಸವಿ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ೩೩ ಕಡೆ ಆರಂಭವಾದಾಗ, ಕರ್ನಾಟಕದ ಪಾಲಿಗೆ ಆರಿಸಿಕೊಂಡುದು ಆ ತಾಲ್ಲೂಕನ್ನೇ. ೧೦೦ ಅಂಗನವಾಡಿಗಳಿಂದ ಅದು ಮೊದಲಾಯಿತು. ಇಂದು ಅಂಗನವಾಡಿಯಿಲ್ಲದ ಹಳ್ಳಿ ಅಪರೂಪ. ೨೦೧೩ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯತಂಡ ವರ್ಷಕ್ಕೆ ಎರಡು ಸಾರಿ ಅಂಗನವಾಡಿಯ ಮಕ್ಕಳನ್ನು ಪರೀಕ್ಷಿಸಬೇಕು. ೨೦೧೮ರಲ್ಲಿ ಬಂದ ಮತ್ತೊಂದು ಏರ್ಪಾಡಿನಂತೆ ಆಶಾ ಕಾರ್ಯಕರ್ತೆಯರು ಮಗುವಿನ ೩, ೬, ೯, ೧೨, ೧೫ನೆಯ ತಿಂಗಳುಗಳಲ್ಲಿ ಮನೆಗೇ ಬರಬೇಕು. ತಾಯಿ ಕಾರ್ಡನ್ನು ಚುಚ್ಚುಮದ್ದಿನ ದಿನ ಮಾತ್ರ ಹೊರತೆಗೆಯುವವರೇ ಬಹಳ. ಆಶಾ ಬಂದ ದಿನ ಆ ಕಾರ್ಡನ್ನು ಮುಂದಿಟ್ಟು, “ಇಷ್ಟು ಬರುತ್ತದೆ, ಇಷ್ಟು ಬಾರದು” ಎಂದು ಬಾಯಿಬಿಟ್ಟು ಹೇಳಿದರೆ ಅರ್ಧ ಕೆಲಸವಾದಂತೆ. ಪಟ್ಟಣದಲ್ಲಿರುವ ಓದಿದ ಕೇಳುಗರು ತಮ್ಮ ಮನೆಗಲ್ಲದಿದ್ದರೂ, ಹಳ್ಳಿಯಲ್ಲಿರುವ ಅಕ್ಕತಂಗಿಯರಿಗೆ ಇದನ್ನು ತಿಳಿಸಬಹುದು.

ಕಾಯದೆ ತೋರಿಸಬೇಕಾದ ಲಕ್ಷಣಗಳು ನೆನಪಿಡುವಷ್ಟು ಕಡಿಮೆ. ವರ್ಷ ತುಂಬಿದರೂ ಹೆಸರಿಗೆ ತಿರುಗದಿರುವುದು. ಹದಿನಾರು ತಿಂಗಳಿಗೂ ಒಂದು ಪದವಿಲ್ಲದಿರುವುದು. ಹದಿನೆಂಟು ತಿಂಗಳಿಗೂ ನಡೆಯದಿರುವುದು. ಎರಡು ವರ್ಷಕ್ಕೂ ಎರಡು ಪದ ಕೂಡದಿರುವುದು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತೋ ನಡೆಯೋ ಹಿಂದಕ್ಕೆ ಹೋಗುವುದು.

ಆ ತಾಂಡ್ಯದ ಮನೆಗೆ ಮತ್ತೆ ಬರೋಣ. ಆ ತಾಯಿಗೆ ನಾವು ಏನು ಹೇಳೋಣ? ನಡಿಗೆಯ ವಿಷಯದಲ್ಲಿ ಆಕೆ ಕಳೆದುಕೊಂಡ ನಿದ್ದೆ ಬೇಕಾಗಿರಲಿಲ್ಲ; ಹದಿನೈದು ತಿಂಗಳು ದಾರಿಯೊಳಗೇ ಇತ್ತು. ಮಾತಿನ ವಿಷಯದಲ್ಲಿ ಅಜ್ಜಿ ಕೊಟ್ಟ ಸಮಾಧಾನವನ್ನು ಮಾತ್ರ ಆಕೆ ಒಪ್ಪಬಾರದು. ಅಪ್ಪನು ಮೂರು ವರ್ಷಕ್ಕೆ ಮಾತಾಡಿ ಬದುಕಿದ್ದಾನೆ, ನಿಜ. ಆದರೆ ಹಾಗೆ ಕಾದು ಕುಳಿತ ಮನೆಗಳಲ್ಲಿ ಮಾತೇ ಬಾರದೆ ಉಳಿದವರ ಕಥೆಯನ್ನು ಯಾವ ಅಜ್ಜಿಯೂ ಸಮಾಧಾನಕ್ಕಾಗಿ ಹೇಳುವುದಿಲ್ಲ. ಕೂಸನ್ನು ಎತ್ತಿಕೊಂಡು ಮೈಸೂರಿಗೆ ಬಸ್ಸು ಹತ್ತಬೇಕು. ಕಿವಿ ಸರಿಯೆಂದು ತಿಳಿದರೆ ಒಂದು ದಿನದ ಪ್ರಯಾಣ ಹೋಯಿತು, ಅಷ್ಟೇ. ಸರಿಯಿಲ್ಲವೆಂದು ತಿಳಿದರೆ ಒಂದು ಬಾಳು ಉಳಿಯಿತು.

ಕಿವಿ ಸರಿಯಿದ್ದರೂ ಇಲ್ಲದಿದ್ದರೂ ಮನೆಯಲ್ಲಿ ಮಾಡಬೇಕಾದ ಒಂದು ಕೆಲಸವುಂಟು. ದಿನಕ್ಕೊಂದು ಕಾಲುಗಂಟೆ ಟೆಲಿವಿಷನ್ನನ್ನೂ ಕೈಫೋನನ್ನೂ ಆರಿಸಿ, ಅಣ್ಣಂದಿರನ್ನು ಹೊರಗೆ ಆಡಲು ಬಿಟ್ಟು, ಕಿರಿಯನನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕು. ರಸಬಾಳೆಯ ಸಿಪ್ಪೆ ಸುಲಿಯುತ್ತ, “ಇದೇನು? ಹಣ್ಣು. ಬೇಕೆ?” ಎಂದು ಕೇಳಿ, ಅವನ ಉತ್ತರಕ್ಕಾಗಿ ಕಾಯಬೇಕು. ಮಾತಾಡುವುದಕ್ಕಿಂತ ಕಾಯುವುದು ಕಷ್ಟ. ಆದರೆ ಮಗುವಿಗೆ ಸರದಿ ಸಿಕ್ಕುವುದು ಆಗಲೇ. ಅಣ್ಣಂದಿರಿಗೂ ಪಾಲು ಕೊಡಬಹುದು: ತಮ್ಮನಿಗೆ ದಿನಕ್ಕೊಂದು ಹೊಸ ಪದವನ್ನು ಕಲಿಸುವ ಪಂದ್ಯವನ್ನು ಹೂಡಿದರೆ, ಗದ್ದಲವೇ ಪಾಠಶಾಲೆಯಾದೀತು. ಗಂಡುಮಕ್ಕಳ ಮನೆಯ ಸಡಗರ ಕಿರಿಯನಿಗೆ ದೊರೆತ ದೊಡ್ಡ ಸಂಪತ್ತು. ಅದನ್ನು ಅಡಗಿಸಬೇಕೆಂದು ನಾವು ಹೇಳುವುದಿಲ್ಲ. ಅದರ ನಡುವೆ ಒಬ್ಬನು ಸುಮ್ಮನಿದ್ದಾನೆಯೇ ಎಂದು ದಿನಕ್ಕೊಮ್ಮೆ ಕಿವಿಗೊಟ್ಟು ಕೇಳಬೇಕೆಂಬುದೇ ನಮ್ಮ ವಿಜ್ಞಾಪನೆ.